ಬಂಡೆಹೊಂಡದ ಚುಕ್ಕೆಮೀನು: ಚುಕ್ಕೆ ಬಿಡಿ, ಹೊಟ್ಟೆ ನೋಡಿ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಕಾಪು ಬೀಚಿಗೆ ಹೋಗಿದ್ದೆವು. ಲೈಟ್‌ಹೌಸ್ ಬಂಡೆಯ ಬುಡದಲ್ಲಿ, ನೀರು ಇಳಿದ ಮೇಲೆ ಉಳಿದಿದ್ದ ಸಣ್ಣ ಹೊಂಡಗಳಲ್ಲಿ ಒಂದು ಪುಟ್ಟ ಮೀನು ಕಂಡಿತು. ಎರಡೂವರೆ ಇಂಚು ಇರಬಹುದು. ಕಂದು ಮೈ, ಅದರ ಮೇಲೆ ತಿಳಿನೀಲಿ ಚುಕ್ಕೆಗಳ ಸಾಲು. ಈಜುವುದಕ್ಕಿಂತ ತಳದಲ್ಲಿ ಕೂತಿರುವುದೇ ಜಾಸ್ತಿ. ಕೈ ಹಾಕಿದರೆ ಸರ್ರನೆ ಕಲ್ಲಿನ ಸಂದಿಗೆ ಓಡುತ್ತದೆ. ಅಲ್ಲಿದ್ದ ಒಬ್ಬರು ‘ಮುರುಮೀನಿನ ಮರಿ’ ಅಂದರು. ನಮ್ಮೂರಿನ ಅಕ್ವೇರಿಯಂ ಅಂಗಡಿಯವರು ‘ಮಡ್‌ಸ್ಕಿಪ್ಪರ್’ ಅಂದರು. ಯಾವುದು ಸರಿ? ನಾವು ನೋಡುತ್ತಿದ್ದ ಹಾಗೇ ಒಂದು ಮೀನು ಛಂಗನೆ ಹಾರಿ ಪಕ್ಕದ ಹೊಂಡಕ್ಕೆ ಬಿತ್ತು. ‘ಅಲ್ಲಿ ನೀರಿದೆ ಅಂತ ಅದಕ್ಕೆ ಹೇಗೆ ಗೊತ್ತಾಯ್ತು?’ ಅಂತ ಮಗಳು ಕೇಳುತ್ತಲೇ ಇದ್ದಾಳೆ. ಅವಳು ಒಂದನ್ನು ಬಾಟಲಿಯಲ್ಲಿ ತಂದಿದ್ದಳು, ರಾತ್ರಿಯೊಳಗೆ ಸತ್ತುಹೋಯಿತು. ತುಂಬಾ ಬೇಜಾರು ಮಾಡಿಕೊಂಡಿದ್ದಾಳೆ. ಮೂರು ಫೋಟೋ ಕಳಿಸಿದ್ದೇನೆ. (ಒಬ್ಬ ತಾಯಿ, ದಾವಣಗೆರೆ)

ಉತ್ತರ:

ಮೊದಲು ಹೆಸರು ಹೇಳಿಬಿಡುತ್ತೇನೆ, ಯಾಕೆ ಅನ್ನುವುದನ್ನು ಆಮೇಲೆ ನೋಡೋಣ. ನಿಮ್ಮ ಫೋಟೋದಲ್ಲಿರುವುದು ಮುರುಮೀನಿನ ಮರಿ ಅಲ್ಲ, ಮಡ್‌ಸ್ಕಿಪ್ಪರ್ ಕೂಡ ಅಲ್ಲ. ಅದು ಗೋಬಿ. ಗೋಬಿ ಅಂದ ಕೂಡಲೇ ನಮಗೆ ಹೂಕೋಸು ನೆನಪಾಗುತ್ತದೆ, ಆದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಹೆಸರು ಲ್ಯಾಟಿನ್ನಿನ ‘ಗೋಬಿಯಸ್’ ಅನ್ನುವ ಪದದಿಂದ ಬಂದದ್ದು. ಕಡಲು, ಅಳಿವೆ, ಹೊಳೆ ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಬಗೆಯ ಗೋಬಿಗಳಿವೆ. ಅವುಗಳಲ್ಲಿ ಬಿಸಿನಾಡಿನ ಬಂಡೆಹೊಂಡಗಳನ್ನೇ ಮನೆ ಮಾಡಿಕೊಂಡ ಒಂದು ಗುಂಪು ಬ್ಯಾಥಿಗೋಬಿಯಸ್. ನಿಮ್ಮ ಮೀನು ಆ ಗುಂಪಿನದು. ನೀವು ಹೇಳಿದ ಮೈಬಣ್ಣ, ನೀಲಿ ಚುಕ್ಕೆಗಳ ಸಾಲು, ಸಿಕ್ಕ ಜಾಗ ಎಲ್ಲ ಸೇರಿಸಿ ನೋಡಿದರೆ ನಾನು ಬ್ಯಾಥಿಗೋಬಿಯಸ್ ಫಸ್ಕಸ್ ಅನ್ನುತ್ತೇನೆ. ಫಸ್ಕಸ್ ಅಂದರೆ ಮಬ್ಬುಗಪ್ಪು ಬಣ್ಣದ್ದು ಅಂತ ಅರ್ಥ.

ಈಗ ಯಾಕೆ ಅನ್ನುವುದಕ್ಕೆ ಬರೋಣ.

ನೀವು ಕಳಿಸಿದ ಮೊದಲ ಎರಡು ಫೋಟೋ ಚೆನ್ನಾಗಿಯೇ ಇವೆ. ಮೀನು ಕಾಣುತ್ತದೆ, ಚುಕ್ಕೆ ಕಾಣುತ್ತವೆ. ಆದರೆ ಅವೆರಡನ್ನೇ ಇಟ್ಟುಕೊಂಡು ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ನನಗೆ ಉತ್ತರ ಕೊಟ್ಟದ್ದು ಮೂರನೇ ಫೋಟೋ, ನಿಮ್ಮ ಮಗಳು ಕಾರಿನಲ್ಲಿ ತೆಗೆದದ್ದು. ಮೀನು ಬಾಟಲಿಯ ಗೋಡೆಗೆ ಅಂಟಿಕೊಂಡಿದೆ. ಈಚೆಯಿಂದ ಅದರ ಹೊಟ್ಟೆ ಕಾಣುತ್ತಿದೆ. ಕಿವಿರಿನ ಹಿಂದೆ, ಎದೆಯ ಕೆಳಗೆ, ಒಂದು ಪುಟ್ಟ ಬಟ್ಟಲಿನ ಹಾಗೆ ಏನೋ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿದೆ ನೋಡಿ. ಫೋಟೋ ದೊಡ್ಡದು ಮಾಡಿದರೆ ಆ ಬಟ್ಟಲಿನ ನಡುವಿನಿಂದ ಅಂಚಿಗೆ ಗೆರೆಗಳು ಹೊರಟಿರುವುದೂ ಕಾಣುತ್ತದೆ, ಬಿಚ್ಚಿದ ಬೀಸಣಿಗೆಯ ಕಡ್ಡಿಗಳ ಹಾಗೆ. ಅದು ಮೀನಿನ ಹೊಟ್ಟೆಯ ರೆಕ್ಕೆ. ಹೆಚ್ಚಿನ ಮೀನುಗಳಲ್ಲಿ ಆ ಜಾಗದಲ್ಲಿ ಎರಡು ಬೇರೆ ಬೇರೆ ರೆಕ್ಕೆ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಈ ಗೋಬಿಗಳಲ್ಲಿ ಎರಡೂ ಕೂಡಿಕೊಂಡು ಒಂದೇ ಬಟ್ಟಲಾಗಿವೆ. ಅಲೆ ಬಂದು ಹೊಡೆದಾಗ ಮೀನು ಈ ಬಟ್ಟಲನ್ನು ಬಂಡೆಗೆ ಒತ್ತಿ ಹಿಡಿದುಕೊಳ್ಳುತ್ತದೆ. ನೀರು ಜಾರುತ್ತದೆ, ಮೀನು ಜಾರುವುದಿಲ್ಲ.

ಈ ಬಟ್ಟಲು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದದ್ದು ಬೆನ್ನಿನಲ್ಲಿದೆ. ಬೆನ್ನಿನ ಮೇಲೆ ಒಂದಲ್ಲ, ಎರಡು ರೆಕ್ಕೆ, ನಡುವೆ ಸಣ್ಣ ಸಂದಿ. ಮುಂದಿನದು ಗಿಡ್ಡ, ಅದರಲ್ಲಿ 6 ಮೆತ್ತಗಿನ ಮುಳ್ಳು. ಹಿಂದಿನದು ಉದ್ದ, ಅದರಲ್ಲಿ 1 ಮುಳ್ಳು, 9 ಕಡ್ಡಿ. ನಿಮ್ಮ ಎರಡನೇ ಫೋಟೋದಲ್ಲಿ ಮೀನು ಹೆದರಿ ರೆಕ್ಕೆ ಎತ್ತಿದೆ, ಹಾಗಾಗಿ ಎಣಿಸಲು ಸಿಕ್ಕಿತು. ಮುಂದಿನ ರೆಕ್ಕೆಯ ಮೇಲಂಚಿನಲ್ಲಿ ಮಸುಕು ಹಳದಿ ಪಟ್ಟಿಯೂ ಇದೆ.

ಇನ್ನು, ಇದಕ್ಕೆ ‘ಫ್ರಿಲ್‌ಗೋಬಿ’ ಅನ್ನುವ ಹೆಸರು ಬಂದ ಕಾರಣ. ಕಿವಿರಿನ ಹಿಂದೆ ಎರಡು ಕಡೆ ಬೀಸಣಿಗೆಯಂಥ ರೆಕ್ಕೆಗಳಿವೆಯಲ್ಲ, ಅವುಗಳ ಮೇಲಿನ ಅಂಚು ನೋಡಿ. ಅಲ್ಲಿ ಕೆಲವು ಕಡ್ಡಿಗಳು ಪೊರೆಯಿಂದ ಬಿಡಿಸಿಕೊಂಡು ರೇಷ್ಮೆ ಎಳೆಗಳ ಹಾಗೆ ಮೇಲಕ್ಕೆ ನಿಂತಿರುತ್ತವೆ. ಮಗುವಿನ ಲಂಗದ ಅಂಚಿನ ಫ್ರಿಲ್ ದಾರ ಬಿಟ್ಟ ಹಾಗೆ. ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮೀನನ್ನು ನೀರಿನಿಂದ ಎತ್ತಿದರೆ ಎಳೆಗಳು ಮೈಗೆ ಅಂಟಿಬಿಡುತ್ತವೆ, ಆಗಂತೂ ಕಾಣುವುದೇ ಇಲ್ಲ. ನೀರೊಳಗೇ ಇರಬೇಕು, ಹಿಂದಿನಿಂದ ಬೆಳಕು ಬೀಳಬೇಕು. ಬಟ್ಟಲು ನೋಡಿ ಗೋಬಿ ಅಂತ ತಿಳಿದ ಮೇಲೆ, ಈ ಎಳೆಗಳು ಕಂಡರೆ ಬ್ಯಾಥಿಗೋಬಿಯಸ್ ಅಂತ ಹೇಳಲು ಬಲ ಬರುತ್ತದೆ.

ಹಾಗಾದರೆ ಚುಕ್ಕೆ? ನೀವು ಕಾಗದದಲ್ಲಿ ಜಾಸ್ತಿ ಬರೆದಿರುವುದು ಚುಕ್ಕೆಯ ಬಗ್ಗೆಯೇ. ಎಲ್ಲರೂ ಹಾಗೇ ಬರೆಯುತ್ತಾರೆ, ಕಣ್ಣಿಗೆ ಮೊದಲು ಬೀಳುವುದು ಅದೇ ಅಲ್ವಾ. ಆದರೆ ಈ ಮೀನಿನ ವಿಷಯದಲ್ಲಿ ಚುಕ್ಕೆಯನ್ನು ಕೊನೆಗೆ ನೋಡಬೇಕು. ಯಾಕೆಂದರೆ ಅದು ನಿಲ್ಲುವುದಿಲ್ಲ.

ನಾನು ಕಲಿಯುತ್ತಿದ್ದ ಕಾಲದ ಒಂದು ದಿನ ಹೇಳುತ್ತೇನೆ. ಸೋಮೇಶ್ವರದ ಬಂಡೆಗಳ ಮೇಲೆ ಒಂದು ಹೊಂಡದಿಂದ ಮೂರು ಮೀನು ಹಿಡಿದಿದ್ದೆ. ಒಂದು ಹೆಚ್ಚೂಕಡಿಮೆ ಕಪ್ಪು, ಚುಕ್ಕೆಯೇ ಇಲ್ಲ. ಒಂದು ಕಂದು, ಮೈ ತುಂಬಾ ನೀಲಿ ಚುಕ್ಕೆ. ಮೂರನೆಯದು ಮರಳಿನ ಬಣ್ಣ, ಪಕ್ಕದಲ್ಲಿ ಕಪ್ಪು ಮಚ್ಚೆಗಳು. ಮೂರು ಬೇರೆ ಬೇರೆ ಜಾತಿ ಅಂತ ಪುಸ್ತಕದಲ್ಲಿ ಬರೆದುಕೊಂಡು, ಮೂರನ್ನೂ ಒಂದೇ ಬಿಳಿ ಟ್ರೇಗೆ ಹಾಕಿ ಚಹಾ ಕುಡಿದು ಬಂದೆ. ಬಂದು ನೋಡಿದರೆ ಟ್ರೇಯಲ್ಲಿ ಮೂರೂ ಒಂದೇ ಬಣ್ಣ. ಯಾವುದು ಯಾವುದು ಅಂತ ಗುರುತೇ ಸಿಗಲಿಲ್ಲ. ರೆಕ್ಕೆಯ ಕಡ್ಡಿ, ಹುರುಪೆ ಎಣಿಸಿದೆ. ಮೂರೂ ಒಂದೇ ಜಾತಿ. ಕಪ್ಪಗಿದ್ದದ್ದು ಕಪ್ಪು ಸಂದಿಯಲ್ಲಿತ್ತು, ಮರಳಿನ ಬಣ್ಣದ್ದು ಮರಳಿನ ಮೇಲಿತ್ತು, ಅಷ್ಟೇ. ಅವತ್ತಿನಿಂದ ನಾನು ಬಣ್ಣ ಬರೆದುಕೊಳ್ಳುವ ಮೊದಲು ತಳ ಯಾವ ಬಣ್ಣ ಅಂತ ಬರೆದುಕೊಳ್ಳುತ್ತೇನೆ.

ಇದು ನಮ್ಮ ಕಡೆಯ ಗೋಬಿಗಳಿಗೆ ಮಾತ್ರ ಇರುವ ಗುಣ ಅಲ್ಲ. ಇಂಗ್ಲೆಂಡಿನ ಬಂಡೆಹೊಂಡಗಳಲ್ಲಿ ಗೋಬಿಯಸ್ ಪಗನೆಲ್ಲಸ್ ಅನ್ನುವ ನೆಂಟನಿದ್ದಾನೆ. ಅವನನ್ನು ಬೇರೆ ಬೇರೆ ಬಣ್ಣದ ತಳದ ಮೇಲೆ ಬಿಟ್ಟು 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದು ನಿಮಿಷದೊಳಗೇ ಮೈಬಣ್ಣ ತಳದ ಕಡೆಗೆ ಬದಲಾಗಿತ್ತು. ಚರ್ಮದಲ್ಲಿ ಬಣ್ಣದ ಕಣಗಳನ್ನು ತುಂಬಿಕೊಂಡ ಜೀವಕೋಶಗಳಿರುತ್ತವೆ. ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ನಡುವಿಗೆ ಒಟ್ಟುಗೂಡಿದರೆ ತಿಳಿಯಾಗುತ್ತದೆ. ಹಾಗಾಗಿ ಬಂಡೆ ಮೇಲೆ ನಿಂತು ತೆಗೆದ ಮೊದಲ ಫೋಟೋ, ಬಾಟಲಿಯಲ್ಲಿ ತೆಗೆದ ಮೂರನೇ ಫೋಟೋ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬಾಟಲಿಯಲ್ಲಿ ನಿಮ್ಮ ಮೀನಿನ ಚುಕ್ಕೆ ಅರ್ಧದಷ್ಟೂ ಕಾಣುವುದಿಲ್ಲ. ಮೀನು ಅದೇ.

ಈಗ ಮುರುಮೀನಿನ ಮಾತು. ಕಾರವಾರದ ಕಡೆ ಗೋಬ್ರ ಅನ್ನುತ್ತಾರಲ್ಲ, ಅದೇ. ಅವರು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಮುರುಮೀನಿನ ಮರಿಗಳೂ ಬಂಡೆ ಸಂದಿಗಳಲ್ಲಿ ಇರುತ್ತವೆ, ಅವಕ್ಕೂ ಚುಕ್ಕೆ ಇರುತ್ತವೆ, ದೊಡ್ಡ ಬಾಯಿಯೂ ಇರುತ್ತದೆ. ಆದರೆ ಮುರುಮೀನಿಗೆ ಬೆನ್ನಿನ ಮೇಲೆ ಒಂದೇ ಉದ್ದ ರೆಕ್ಕೆ, ಮುಂದಿನ ಭಾಗದಲ್ಲಿ ಚೂಪಾದ ಗಟ್ಟಿ ಮುಳ್ಳುಗಳು. ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ರೆಕ್ಕೆ. ಅದು ತಳಕ್ಕೆ ಅಂಟಿ ಕೂರುವುದಿಲ್ಲ, ಸಂದಿಯ ಬಾಯಲ್ಲಿ ತೇಲಿಕೊಂಡು ನಿಲ್ಲುತ್ತದೆ. ಬಾಟಲಿಗೆ ಅಂಟಿಕೊಂಡಿತ್ತು ಅಂದಮೇಲೆ ಮುರುಮೀನು ಅಲ್ಲವೇ ಅಲ್ಲ.

ಮಡ್‌ಸ್ಕಿಪ್ಪರ್ ಗೋಬಿಗಳ ಹತ್ತಿರದ ಬಳಗ. ಅವಕ್ಕೂ ಹೊಟ್ಟೆಯ ರೆಕ್ಕೆ ಹೆಚ್ಚುಕಡಿಮೆ ಇದೇ ಬಗೆಯದು. ಆದರೆ ಕಣ್ಣು ನೋಡಿದರೆ ಸಾಕು. ಮಡ್‌ಸ್ಕಿಪ್ಪರ್‌ಗೆ ಕಪ್ಪೆಯ ಹಾಗೆ ತಲೆಯ ಮೇಲೆ ಎರಡು ಗುಡ್ಡೆ ಎದ್ದಿರುತ್ತವೆ. ಅದರ ಊರೂ ಬೇರೆ. ಕುಂದಾಪುರದ ಹಿನ್ನೀರು, ಅಘನಾಶಿನಿಯ ಅಳಿವೆ, ಅಲ್ಲಿಯ ಕಾಂಡ್ಲಾಗಿಡಗಳ ಬುಡದ ಕೆಸರು, ಇವು ಅದರ ಜಾಗ. ನೀರು ಇಳಿದಾಗ ಕೆಸರಿನ ಮೇಲೆ ಎದೆಯ ರೆಕ್ಕೆಗಳನ್ನು ಊರಿಕೊಂಡು ತೆವಳುತ್ತಾ ಓಡಾಡುತ್ತದೆ. ಅಲೆ ಬಡಿಯುವ ಕಾಪುವಿನ ಬಂಡೆಯಲ್ಲಿ ಅದನ್ನು ಹುಡುಕುವುದು ಬೇಡ.

ನಿಜವಾಗಿ ಗೊಂದಲ ಮಾಡುವ ಮೀನು ಇನ್ನೊಂದಿದೆ. ಅದರ ಹೆಸರನ್ನು ನಿಮಗೆ ಯಾರೂ ಹೇಳಿಲ್ಲ. ಅದು ಬ್ಲೆನಿ. ಇದೇ ಹೊಂಡಗಳಲ್ಲಿ, ಇದೇ ಅಳತೆಯಲ್ಲಿ, ಹೀಗೇ ಕಂದು ಮೈಯಲ್ಲಿ, ಹೀಗೇ ಚುಕ್ಕೆ ಗೆರೆಗಳಿಟ್ಟುಕೊಂಡು ಇರುತ್ತದೆ. ಹಾರುವುದರಲ್ಲಿ ಗೋಬಿಗಿಂತ ಒಂದು ಕೈ ಮೇಲು. ಇಂಗ್ಲಿಷಿನಲ್ಲಿ ಇವಕ್ಕೆ ರಾಕ್‌ಸ್ಕಿಪ್ಪರ್ ಅಂತಲೇ ಹೆಸರು. ನಮ್ಮ ಪಶ್ಚಿಮ ಕರಾವಳಿಯ ಒಂದು ಬ್ಲೆನಿಗೆ ಇಸ್ಟಿಬ್ಲೆನಿಯಸ್ ಡುಸ್ಸುಮಿಯೆರಿ ಅಂತ ಹೆಸರಿದೆ. ಮಲಬಾರಿನ ಕಡೆ ಓಡಾಡಿ ಮೀನುಗಳನ್ನು ಸಂಗ್ರಹಿಸಿ ಪ್ಯಾರಿಸ್ಸಿಗೆ ಕಳಿಸುತ್ತಿದ್ದ ಫ್ರೆಂಚ್ ವ್ಯಾಪಾರಿ ಡುಸ್ಸುಮಿಯೆಯ ನೆನಪಿಗೆ 1836ರಲ್ಲಿ ಇಟ್ಟ ಹೆಸರು ಅದು.

ಬ್ಲೆನಿಯನ್ನು ಗೋಬಿಯಿಂದ ಬೇರೆ ಮಾಡುವುದು ಹೇಗೆ? ಮುಟ್ಟಿದರೆ ಒಂದೇ ಕ್ಷಣ ಸಾಕು. ಬ್ಲೆನಿಗೆ ಹುರುಪೆಯೇ ಇಲ್ಲ. ನೆನೆಸಿದ ಲೋಳೆಸರದ ತಿರುಳಿನ ಹಾಗೆ ಬೆರಳಿನಿಂದ ಜಾರುತ್ತದೆ. ಗೋಬಿಯ ಮೈಯಲ್ಲಿ ಹುರುಪೆ ಬೆರಳಿಗೆ ತಗಲುತ್ತದೆ. ಮುಟ್ಟದೆ ನೋಡಬೇಕಾದರೆ ತಲೆ ನೋಡಿ. ಬ್ಲೆನಿಗೆ ಹಣೆ ನೆಟ್ಟಗೆ ಗೋಡೆಯ ಹಾಗೆ, ಕಣ್ಣಿನ ಮೇಲೆ ಹುಬ್ಬಿನಂಥ ಸಣ್ಣ ಸಣ್ಣ ಎಳೆ. ಡುಸ್ಸುಮಿಯೆರಿಯ ಗಂಡಿಗೆ ನೆತ್ತಿಯ ಮೇಲೆ ಜುಟ್ಟೂ ಇರುತ್ತದೆ. ಗೋಬಿಯ ತಲೆ ಮೇಲಿನಿಂದ ಒತ್ತಿದ ಹಾಗೆ ಚಪ್ಪಟೆ, ಕೆನ್ನೆ ಉಬ್ಬಿದ ಹಾಗೆ, ಎಳೆ ಇಲ್ಲ. ಬ್ಲೆನಿಯ ಬೆನ್ನಿನ ರೆಕ್ಕೆ ಒಂದೇ. ನಡುವೆ ತಗ್ಗು ಇದ್ದರೂ ಕಡಿದುಹೋಗಿರುವುದಿಲ್ಲ. ಹೊಟ್ಟೆಯ ರೆಕ್ಕೆಗಳು ಎರಡು ಬೆರಳಿನ ಹಾಗೆ ಗಂಟಲಿನ ಕೆಳಗೆ ಚಾಚಿರುತ್ತವೆ, ಬಟ್ಟಲು ಇರುವುದಿಲ್ಲ. ಅದು ತಿನ್ನುವ ರೀತಿಯೂ ನೋಡಲು ಚೆಂದ. ಬಾಚಣಿಗೆಯಂಥ ಸಣ್ಣ ಹಲ್ಲುಗಳಿಂದ ಬಂಡೆಯ ಪಾಚಿಯನ್ನು ತಲೆ ಅಲ್ಲಾಡಿಸಿ ಅಲ್ಲಾಡಿಸಿ ಕೆರೆಯುತ್ತದೆ. ಗೋಬಿ ಹಾಗಲ್ಲ, ಕಾದು ಕೂತು ಸಣ್ಣ ಸಿಗಡಿ, ಹುಳು, ಮರಿ ಏಡಿಯನ್ನು ಗಬಕ್ಕನೆ ಹಿಡಿಯುತ್ತದೆ.

ಇನ್ನು ಹೊಂಡದ ನಡುನೀರಿನಲ್ಲಿ ಚಪ್ಪಟೆ ನಾಣ್ಯದಂಥ ಮರಿಮೀನುಗಳು ಪಟ್ಟೆ ಹೊತ್ತು ಓಡಾಡುತ್ತಿದ್ದರೆ ಅವು ಸಾರ್ಜೆಂಟ್ ಮೀನಿನ ಮರಿಗಳು. ಅದರಲ್ಲಿ ಒಂದು ಜಾತಿಗೆ ಬಾಲದ ಬುಡದ ಮೇಲ್ಗಡೆ ಕಪ್ಪು ಬೊಟ್ಟು ಇರುತ್ತದೆ. ಅವು ತಳದಲ್ಲಿ ಕೂರುವುದಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆಗೆ ಅವು ಬೇಡ.

ಬ್ಯಾಥಿಗೋಬಿಯಸ್ ಅನ್ನುವುದು ಖಚಿತ, ಫಸ್ಕಸ್ ಅನ್ನುವುದಕ್ಕೆ ಯಾಕೆ ‘ನಾನು ಅನ್ನುತ್ತೇನೆ’ ಅಂತ ಬರೆದೆ ಎಂದೂ ಹೇಳಬೇಕು. ಈ ಕುಲದಲ್ಲಿ ಒಂದನ್ನೊಂದು ಹೋಲುವ ಹಲವು ಜಾತಿಗಳಿವೆ. 1916ರಲ್ಲಿ ಒಡಿಶಾದ ಚಿಲಿಕಾ ಸರೋವರದಿಂದ ಬಿ. ಎಲ್. ಚೌಧರಿಯವರು ವಿವರಿಸಿದ ಬ್ಯಾಥಿಗೋಬಿಯಸ್ ಆಸ್ಟ್ರಿಯಿಕೋಲ ಇವುಗಳಲ್ಲೊಂದು. ಅದರ ಹೆಸರಿನ ಅರ್ಥವೇ ಸಿಂಪಿಗಳ ನಡುವೆ ವಾಸಿಸುವುದು ಅಂತ. ಇಂಥವನ್ನು ಬೇರೆ ಮಾಡಲು ಮೈಯ ಉದ್ದಕ್ಕೆ ಸಾಲಿನಲ್ಲಿ ಎಷ್ಟು ಹುರುಪೆ, ತಲೆಯ ಹಿಂದೆ ಎಷ್ಟು ಹುರುಪೆ, ಎದೆರೆಕ್ಕೆಯಲ್ಲಿ ಎಷ್ಟು ಎಳೆ ಬಿಡಿಯಾಗಿವೆ ಅಂತ ಲೆನ್ಸಿನ ಕೆಳಗೆ ಎಣಿಸಬೇಕು. ಫೋಟೋದಲ್ಲಿ ಅದು ಆಗುವುದಿಲ್ಲ. ಫಸ್ಕಸ್‌ನ ಹರವು ದೊಡ್ಡದು. 1830ರಲ್ಲಿ ಜರ್ಮನಿಯ ನಿಸರ್ಗತಜ್ಞ ಎಡ್ವರ್ಡ್ ರುಪ್ಪೆಲ್ ಇದನ್ನು ಮೊದಲು ವಿವರಿಸಿದ್ದು ಕೆಂಪು ಸಮುದ್ರದಿಂದ. ಅಲ್ಲಿಂದ ಆಫ್ರಿಕಾದ ಪೂರ್ವ ತೀರ, ನಮ್ಮ ಕಡಲು, ಜಪಾನ್, ಆಸ್ಟ್ರೇಲಿಯಾ ದಾಟಿ ಪೆಸಿಫಿಕ್ಕಿನ ದ್ವೀಪಗಳವರೆಗೂ ಇದೆ. ತುಂಬಾ ಬೆಳೆದರೆ 12 ಸೆಂಟಿಮೀಟರ್. ನಿಮ್ಮದು ಆರೇಳು ಸೆಂಟಿಮೀಟರ್ ಅಂದರೆ ಮರಿ ಅಲ್ಲ, ಸಂಸಾರ ಮಾಡುವ ವಯಸ್ಸಿನದೇ.

ಸಂಸಾರ ಅಂದೆನಲ್ಲ, ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಸಂಜೆ ಬಂಡೆಯ ಮೇಲೆ ಹೊಟ್ಟೆ ಊರಿ ಮಲಗಿ ಒಂದು ಹೊಂಡದೊಳಗೆ ನೋಡುತ್ತಿದ್ದೆ. ತಳದಲ್ಲಿ ಬೋರಲು ಬಿದ್ದ ಒಂದು ಸಿಂಪಿ ಚಿಪ್ಪು. ಅದರ ಅಂಚಿನಿಂದ ಒಂದು ಚಪ್ಪಟೆ ತಲೆ ಅರ್ಧ ಹೊರಗೆ. ಗಂಡು ಗೋಬಿ. ಒಂದು ಸನ್ಯಾಸಿ ಏಡಿ ಹತ್ತಿರ ಬಂತು. ಗೋಬಿ ನುಗ್ಗಿ ಅದರ ಶಂಖಕ್ಕೆ ಮೂತಿಯಿಂದ ಗುದ್ದಿ ತಿರುಗಿಸಿತು. ಮತ್ತೆ ಒಳಗೆ. ಸ್ವಲ್ಪ ಹೊತ್ತಿಗೆ ಚಿಪ್ಪಿನ ಕೆಳಗಿನಿಂದ ಸಣ್ಣ ಮರಳಿನ ಹೊಗೆ ಎದ್ದಿತು, ನಿಂತಿತು, ಮತ್ತೆ ಎದ್ದಿತು. ಒಳಗೆ ಅದು ಬಾಲ ಬೀಸುತ್ತಿತ್ತು. ನಾನು ಒಂದೇ ಒಂದು ಸಲ ಚಿಪ್ಪಿನ ಅಂಚು ಎತ್ತಿ ನೋಡಿದೆ. ಚಿಪ್ಪಿನ ಒಳಮೈಗೆ, ಅಂದರೆ ಅದರ ಮನೆಯ ಸೂರಿಗೆ, ಒಂದೇ ಪದರದಲ್ಲಿ ಒತ್ತೊತ್ತಾಗಿ ಮೊಟ್ಟೆಗಳು. ಅಕ್ಕಿನುಚ್ಚಿನಂಥ ಉದ್ದುದ್ದ ಮೊಟ್ಟೆ, ಒಂದೊಂದೂ ಒಂದು ತುದಿಯಿಂದ ಚಿಪ್ಪಿಗೆ ಅಂಟಿ ಜೋತಾಡುತ್ತಿತ್ತು. ಒಂದೊಂದರಲ್ಲೂ ಎರಡು ಕರಿ ಚುಕ್ಕೆ. ಮರಿಗಳ ಕಣ್ಣು. ಚಿಪ್ಪನ್ನು ಹಾಗೇ ಇಳಿಸಿಬಿಟ್ಟೆ. ಗಂಡು ದೂರ ಓಡಿರಲಿಲ್ಲ, ನನ್ನ ಬೆರಳಿನ ಪಕ್ಕದಲ್ಲೇ ನಿಂತಿತ್ತು.

ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಕಾಯುವುದು, ಗಾಳಿ ಹಾಕುವುದು ಎಲ್ಲ ಗಂಡಿನ ಕೆಲಸ. ಜಪಾನಿನಲ್ಲಿ ಇದೇ ಫಸ್ಕಸ್ ಮೇಲೆ ಅಧ್ಯಯನ ಮಾಡಿದವರು ಇನ್ನೊಂದು ಸಂಗತಿ ಕಂಡಿದ್ದಾರೆ. ದೊಡ್ಡ ಗಂಡುಗಳು ಗೂಡು ಹಿಡಿದು ಕೂರುತ್ತವೆ, ಸಣ್ಣ ಗಂಡುಗಳು ಹೆಣ್ಣು ಮೊಟ್ಟೆ ಇಡುವ ಹೊತ್ತಿಗೆ ಕಳ್ಳತನದಲ್ಲಿ ನುಗ್ಗಿ ತಮ್ಮ ಪಾಲು ಸೇರಿಸಿ ಓಡುತ್ತವೆ. ಮೊಟ್ಟೆ ಒಡೆದ ಮೇಲೆ ಮರಿಗಳು ಕಡಲಿಗೆ ತೇಲಿಹೋಗುತ್ತವೆ. ಬದುಕಿ ಉಳಿದವು ಆಮೇಲೆ ಯಾವುದೋ ತೀರದ ಯಾವುದೋ ಹೊಂಡಕ್ಕೆ ಬಂದು ನೆಲೆಯಾಗುತ್ತವೆ. ಅದಕ್ಕೇ ಹೇಳುವುದು, ಹೊಂಡದಲ್ಲಿ ಕಲ್ಲು ಎತ್ತಿದರೆ ಅದೇ ಮಗ್ಗುಲಿಗೆ ವಾಪಸ್ ಇಡಬೇಕು. ಮಗುಚಿ ಬಿಟ್ಟರೆ ಸೂರಿನ ಮೊಟ್ಟೆ ಬಿಸಿಲಿಗೆ ಬರುತ್ತದೆ.

ಈಗ ನಿಮ್ಮ ಮಗಳ ಪ್ರಶ್ನೆ. ಪಕ್ಕದ ಹೊಂಡದಲ್ಲಿ ನೀರಿದೆ ಅಂತ ಅದಕ್ಕೆ ಹೇಗೆ ಗೊತ್ತು? ಈ ಪ್ರಶ್ನೆಯನ್ನು ಅವಳ ಹಾಗೇ ಕೇಳಿದವರೊಬ್ಬರಿದ್ದರು. ಲೆಸ್ಟರ್ ಆರನ್ಸನ್ ಅಂತ, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿದ್ದರು. ಅವರು ನೋಡಿದ್ದು ಬಹಾಮಾಸ್‌ನ ಬಿಮಿನಿ ದ್ವೀಪದಲ್ಲಿ, ನಮ್ಮ ಮೀನಿನ ಅಟ್ಲಾಂಟಿಕ್ ದಾಯಾದಿ ಬ್ಯಾಥಿಗೋಬಿಯಸ್ ಸೊಪೊರೇಟರ್ ಅನ್ನು. ಇಳಿತದ ಹೊತ್ತಿನಲ್ಲಿ ಒಂದು ಮೀನನ್ನು ಕೆಣಕಿದರೆ ಅದು ಪಕ್ಕದ ಹೊಂಡಕ್ಕೆ ಹಾರುತ್ತಿತ್ತು, ಅಲ್ಲಿಂದ ಮುಂದಿನದಕ್ಕೆ, ಹಾಗೇ ಕಡಲಿಗೆ. ಇರುವಲ್ಲಿಂದ ಪಕ್ಕದ ಹೊಂಡ ಅದಕ್ಕೆ ಕಾಣುತ್ತಿರಲಿಲ್ಲ. ಆದರೂ ಒಣ ಬಂಡೆಯ ಮೇಲೆ ಬೀಳುತ್ತಿದ್ದದ್ದು ಅಪರೂಪ.

ಆರನ್ಸನ್ 1951ರಲ್ಲಿ ತಮ್ಮ ಕೆಲಸ ಪ್ರಕಟಿಸಿದರು. ಅದರ ಸಾರ ಇದು. ಉಬ್ಬರ ಬಂದಾಗ ಬಂಡೆಯೆಲ್ಲ ಮುಳುಗುತ್ತದೆ. ಆಗ ಮೀನು ತನ್ನ ಹೊಂಡದಿಂದ ಮೇಲೆದ್ದು ಸುತ್ತಮುತ್ತ ಈಜಾಡುತ್ತದೆ. ಎಲ್ಲಿ ಗುಂಡಿ, ಎಲ್ಲಿ ದಿಬ್ಬ, ಎಷ್ಟು ದೂರ, ಇದೆಲ್ಲ ಆಗ ಅದರ ತಲೆಗೆ ಹೋಗುತ್ತದೆ. ನೀರು ಇಳಿದ ಮೇಲೆ ಹಾರುವುದು ಆ ನೆನಪಿನ ಮೇಲೆ. ಇದನ್ನು ಪರೀಕ್ಷೆ ಮಾಡಲು ಅವರು ಕೃತಕ ಹೊಂಡಗಳನ್ನು ಕಟ್ಟಿಸಿ, ಹೊಸ ಮೀನುಗಳನ್ನು ತಂದುಬಿಟ್ಟರು. ಜಾಗ ನೋಡದ ಮೀನುಗಳು ಸರಿಯಾಗಿ ಹಾರಲಿಲ್ಲ. ಕೃತಕ ಉಬ್ಬರ ಮಾಡಿ ಒಂದು ಸಲ ಜಾಗ ಸುತ್ತಲು ಬಿಟ್ಟ ಮೇಲೆ ಚೆನ್ನಾಗಿ ಹಾರಿದವು. 1971ರಲ್ಲಿ ಇನ್ನೂ ಮುಂದುವರಿಸಿ ನೋಡಿದಾಗ, ಜಾಗದಿಂದ ದೂರ ಇಟ್ಟು 40 ದಿನ ಕಳೆದ ಮೇಲೂ ಆ ನೆನಪು ಉಳಿದಿತ್ತು. ಬೆರಳುದ್ದದ ಮೀನು. ಮಂಗಳೂರಿನಲ್ಲಿ ಒಂದೇ ಸಲ ಸುತ್ತಾಡಿ ಬಂದ ಓಣಿಗಳನ್ನು ಒಂದೂಕಾಲು ತಿಂಗಳ ಮೇಲೆ ಕತ್ತಲಲ್ಲಿ ನಮಗೆ ನೆನಪಿಟ್ಟುಕೊಳ್ಳಲು ಆಗುತ್ತದಾ, ಮಗಳನ್ನು ಕೇಳಿ ನೋಡಿ.

ಸಿಡ್ನಿಯ ಸುತ್ತಲಿನ ತೀರದಲ್ಲಿ ಗೆಮ್ಮಾ ವೈಟ್ ಮತ್ತು ಕುಲಮ್ ಬ್ರೌನ್ ಅನ್ನುವ ಸಂಶೋಧಕರು ಇದೇ ಕುಲದ ಮೀನುಗಳನ್ನು ಮರಳು ತೀರದ ಗೋಬಿಗಳ ಜೊತೆ ಹೋಲಿಸಿದ್ದಾರೆ. ಜಾಗ ಕಲಿಯುವುದರಲ್ಲಿ ಬಂಡೆಹೊಂಡದ ಗೋಬಿಗಳೇ ಮುಂದೆ. ಮರಳಿನಲ್ಲಿ ಗುರುತು ನಿಲ್ಲುವುದಿಲ್ಲ, ಒಂದು ಅಲೆ ಬಂದರೆ ಎಲ್ಲ ಬದಲು. ಬಂಡೆಯ ಗುಂಡಿ ನಾಳೆಯೂ ಅಲ್ಲೇ ಇರುತ್ತದೆ, ನೆನಪಿಟ್ಟುಕೊಂಡರೆ ಲಾಭ. ಬಂಡೆಹೊಂಡದ ಮೀನುಗಳನ್ನು ಅವರು ಹಿಡಿದು ಬೇರೆ ಕಡೆ ಬಿಟ್ಟು ನೋಡಿದ್ದೂ ಉಂಟು. ಎಷ್ಟೋ ಮೀನುಗಳು ತಮ್ಮ ಹೊಂಡಕ್ಕೆ ವಾಪಸ್ ಬಂದವು. ಅಂದರೆ ಇದು ಸುಮ್ನೆ ಸಿಕ್ಕಿಹಾಕಿಕೊಂಡ ಮೀನಲ್ಲ. ಅದು ಅದರ ಮನೆ.

ಬಾಟಲಿಯ ಮೀನಿನ ಬಗ್ಗೆ ನೇರವಾಗಿ ಹೇಳುತ್ತೇನೆ, ಮಗಳಿಗೂ ಹೇಳಿ. ಅದು ಸತ್ತದ್ದು ಗಾಳಿ ಸಾಲದೆ. ಮುಚ್ಚಳ ಹಾಕಿದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಬಹಳ ಕಡಿಮೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆಯಾಗುತ್ತದೆ, ಕಾರಿನೊಳಗಂತೂ ನೀರು ಬೇಗ ಬಿಸಿಯಾಗುತ್ತದೆ. ಮೀನಿನ ಹೊಲಸೂ ಅದೇ ನೀರಿನಲ್ಲಿ. ‘ಹೊಂಡವೂ ಸಣ್ಣದೇ ಅಲ್ವಾ, ಬಿಸಿಲಿಗೆ ಕಾಯುತ್ತೆ ಅಲ್ವಾ’ ಅಂತ ಅವಳು ಕೇಳಬಹುದು. ನಿಜ. ಈ ಮೀನು ಗಟ್ಟಿ ಜೀವ. ಮಧ್ಯಾಹ್ನದ ಬಿಸಿಲಿಗೆ ಕಾದ ನೀರು, ಮಳೆ ಬಿದ್ದು ಉಪ್ಪು ಇಳಿದ ನೀರು, ಎಲ್ಲ ತಡೆಯುತ್ತದೆ. ಆದರೆ ಹೊಂಡದ ನೀರು ಗಾಳಿಗೆ ತೆರೆದಿರುತ್ತದೆ, ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಕೆಲವು ಗಂಟೆಗೆ ಉಬ್ಬರ ಬಂದು ಇಡೀ ನೀರು ಬದಲಾಗುತ್ತದೆ. ಬಾಟಲಿಗೆ ಉಬ್ಬರ ಬರುವುದಿಲ್ಲ. ಅವಳಿಗೆ ಇದು ಗೊತ್ತಿರಲಿಲ್ಲ, ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಳು ತೆಗೆದ ಆ ಒಂದು ಫೋಟೋದಿಂದಲೇ ಈ ಉತ್ತರ ಬರೆಯಲು ಆಯಿತು ಅನ್ನುವುದನ್ನೂ ಹೇಳಿ.

ಆದರೆ ಮುಂದಿನ ಸಲ ಮನೆಗೆ ತರುವುದು ಬೇಡ. ಅಲ್ಲೇ ನೋಡುವ ದಾರಿ ಇದೆ. ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ಸ್ವೀಟ್ ಅಂಗಡಿಯ ಡಬ್ಬಿ ಆದರೂ ಆಗುತ್ತದೆ. ಅದೇ ಹೊಂಡದ ನೀರು ತುಂಬಿ, ಮೀನನ್ನು ಕೈಯಲ್ಲಿ ಹಿಡಿಯದೆ ಡಬ್ಬಿಯೊಳಗೆ ಓಡಿಸಿ. ಕೈ ಹಾಕಲೇಬೇಕಾದರೆ ಮೊದಲು ಕಡಲ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ. ಡಬ್ಬಿಯ ಪಕ್ಕದಲ್ಲಿ ಒಂದು 10 ರೂಪಾಯಿ ನಾಣ್ಯ ಇಡಿ, ಅದರ ಅಗಲ 27 ಮಿಲಿಮೀಟರ್, ಅಳತೆಗೆ ಅನುಕೂಲ. ಪಕ್ಕದಿಂದ ಒಂದು ಫೋಟೋ, ಮೇಲಿನಿಂದ ಒಂದು, ಡಬ್ಬಿ ಎತ್ತಿ ಕೆಳಗಿನಿಂದ ಒಂದು. ಕೆಳಗಿನದೇ ಮುಖ್ಯ. ಎರಡು ಮೂರು ನಿಮಿಷ ಸಾಕು. ಆಮೇಲೆ ಅದೇ ಹೊಂಡಕ್ಕೆ ಬಿಡಿ, ಪಕ್ಕದ್ದಕ್ಕಲ್ಲ. ಡಬ್ಬಿಯನ್ನು ಬಿಸಿಲಿನಲ್ಲಿ ಇಟ್ಟು ಮಾತಾಡುತ್ತಾ ನಿಲ್ಲಬೇಡಿ.

ಸಂದಿಯೊಳಗೆ ಕಾಣದ ಕಡೆ ಬೆರಳು ತೂರಿಸುವುದು ಬೇಡ. ಗೋಬಿ ಏನೂ ಮಾಡುವುದಿಲ್ಲ. ಆದರೆ ಅದೇ ಸಂದಿಯಲ್ಲಿ ಕಲ್ಲಿನ ಬಣ್ಣದ ಚೇಳುಮೀನು ಇರಬಹುದು, ಪಟ್ಟೆ ಇರುವ ಬೆಕ್ಕುಮೀನಿನ ಮರಿಗಳು ಗುಂಪಾಗಿ ಇರಬಹುದು. ಎರಡಕ್ಕೂ ವಿಷದ ಮುಳ್ಳಿದೆ, ಚುಚ್ಚಿದರೆ ವಿಪರೀತ ನೋವು. ಶಂಕುವಿನ ಆಕಾರದ ಚೆಂದದ ಬಸವನಹುಳು ಕಂಡರೂ ಕೈಗೆತ್ತಿಕೊಳ್ಳಬೇಡಿ, ಅದೂ ಕುಟುಕುತ್ತದೆ. ಹಿಡಿದ ಗೋಬಿಯನ್ನು ಹುರಿದು ತಿನ್ನುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಗೋಬಿಗಳ ಪೈಕಿ ಒಂದೆರಡು ಜಾತಿಗಳ ಮೈಯಲ್ಲಿ ಉಬ್ಬಿಕೊಳ್ಳುವ ಬಲೂನ್ ಮೀನಿನಲ್ಲಿರುವ ವಿಷವೇ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಹವಳದ ತುಂಡು, ಸಮುದ್ರಕುದುರೆ, ಸಮುದ್ರ ಸೌತೆ ಕಂಡರೆ ನೋಡಿ ಬಿಡಿ. ಇವಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಮತ್ತೆ ಹೋಗುವಾಗ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ನೋಡಿಕೊಳ್ಳಿ, ಆಗ ನೀರು ಚೆನ್ನಾಗಿ ಇಳಿಯುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಹಳೆಯ ಸಮಯ ನಂಬಿ ಹೋಗಬೇಡಿ. ಮೊಬೈಲಿನಲ್ಲಿ ನೋಡಿ, ಇಲ್ಲ ಮೀನುಗಾರರನ್ನು ಕೇಳಿ. ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ, ನೀರು ತಿರುಗಿದ ಕೂಡಲೇ ಎದ್ದುಬಿಡಿ. ಪಾಚಿಯ ಬಂಡೆ ವಿಪರೀತ ಜಾರುತ್ತದೆ, ಕಡಲಿಗೆ ಬೆನ್ನು ಹಾಕಿ ಕೂರಬಾರದು. ಮಳೆಗಾಲದಲ್ಲಂತೂ ಆ ಬಂಡೆಗಳ ಕಡೆ ಹೋಗಲೇಬೇಡಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ, ಅಲ್ಲಿ ಕಂಬ ಕಂಬವಾಗಿ ಒಡೆದ ಕಲ್ಲಿನ ನಡುವೆಯೂ ಒಳ್ಳೆಯ ಹೊಂಡಗಳು ಸಿಗುತ್ತವೆ.

ಮಗಳಿಗೆ ಒಂದೇ ಒಂದು ಮಾತು. ನಿನ್ನ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂತುಕೋ, ಅಲ್ಲಾಡಬೇಡ, ಹತ್ತು ನಿಮಿಷ ಕಾಯಿ. ಮೊದಲು ಸನ್ಯಾಸಿ ಏಡಿ ನಡೆಯಲು ಶುರು ಮಾಡುತ್ತದೆ. ಆಮೇಲೆ ಗಾಜಿನಂಥ ಸಣ್ಣ ಸಿಗಡಿ ಹೊರಗೆ ಬರುತ್ತದೆ, ನಮ್ಮ ಕರಾವಳಿಯಲ್ಲಿ ಅದಕ್ಕೆ ಶೆಟ್ಲಿ ಅಂತಾರೆ. ಕೊನೆಗೆ ಕಲ್ಲಿನ ಕೆಳಗಿನಿಂದ ಒಂದು ಚಪ್ಪಟೆ ತಲೆ. ಅದು ಬಂದು ಕೂತ ಜಾಗದ ಬಣ್ಣ ಯಾವುದು, ಎಷ್ಟು ಹೊತ್ತಿಗೆ ಅದರ ಚುಕ್ಕೆ ಬದಲಾಯಿತು ಅಂತ ಬರೆದುಕೊಂಡು ನನಗೆ ಕಳಿಸು.